ದುಡಿಮೆಯ ಸ್ಥಳದಲ್ಲಿ ಅಪಾಯ ನಿವಾರಣೆ

ಕೆಲಸಗಾರನು ಎಚ್ಚರದಿಂದಿದ್ದರೆ ಅಪಘಾತವೇಕೆ ಆದೀತು ಎಂದು ಕೇಳುವವರುಂಟು. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ನೆನೆದರೆ ಈ ಮಾತು ನಿಲ್ಲಲಾರದು. ಅಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಚಿನ್ನ ತೆಗೆದವರಿದ್ದರು. ಈಗಿನ ಕಂಪನಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ 1947ರಲ್ಲಿ ಸ್ಥಾಪಿತವಾಯಿತು. (ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವನೂ ಚಿನ್ನದ ಗಣಿಯ ಎಂಜಿನಿಯರನೇ!)

ಹಟ್ಟಿಯ ಚಿನ್ನವಿರುವುದು ಬೆಣಚುಕಲ್ಲಿನಲ್ಲಿ. ಒಣಗಲ್ಲನ್ನು ಕೊರೆದಾಗ ಏಳುವ ಧೂಳಿನ ಅತಿ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣವು. ಅವು ಶ್ವಾಸಕೋಶದಲ್ಲಿ ನೆಲೆಸಿ, ವರ್ಷಗಳು ಕಳೆದ ಮೇಲೆ ಸಿಲಿಕೋಸಿಸ್ ರೋಗವನ್ನು ತರುತ್ತವೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಕಾಣದ ಧೂಳಿಗೆ ಎಚ್ಚರವೆಂತು? ಆದುದರಿಂದಲೇ ಗಣಿಗಳಲ್ಲಿ, ಕೊರೆಯುವ ಉಕ್ಕಿನ ಸರಳಿನೊಳಗಿನಿಂದ ನೀರು ಹರಿಸಿ, ಧೂಳನ್ನು ಹುಟ್ಟುವಲ್ಲಿಯೇ ಕೆಸರಾಗಿಸುವ ಕ್ರಮ ಬಂದಿತು. ಸಿಡಿಮದ್ದಿನ ಹೊಗೆ ತೆರವಾಗುವವರೆಗೆ ಯಾರನ್ನೂ ಒಳಬಿಡದಿರುವುದು, ಉರುಳಿದ ಕಲ್ಲಿಗೆ ನೀರೆರಚುವುದು, ಒಳಗೆ ಗಾಳಿಯಾಡಿಸುವುದು, ಇವೆಲ್ಲ ಆಡಳಿತದ ಹೊಣೆ. ಮುಖಕ್ಕೆ ಕಟ್ಟುವ ಮುಸುಕು ಕೊನೆಯ ಉಪಾಯ. ನೆಲದಾಳದ ಸೆಕೆಯಲ್ಲಿ ಅದನ್ನು ದಿನವಿಡೀ ಧರಿಸಿರುವುದು ಹೇಳಿದಷ್ಟು ಸುಲಭವಲ್ಲ.

ಸಿಂಧನೂರಿನ ಅಕ್ಕಿ ಗಿರಣಿಗಳಿಗೂ ಇದೇ ನ್ಯಾಯ ಸಲ್ಲುವುದು. ತಿರುಗುವ ಬೆಲ್ಟಿಗೆ ತಂತಿಬಲೆ ಹಾಕಿದರೆ ಧೋತರದ ಚುಂಗು ಸಿಕ್ಕದು. "ಜೋಪಾನ" ಎಂಬ ಹಲಗೆ ಅದನ್ನು ತಡೆಯದು. ಯಂತ್ರಕ್ಕೆ ಭದ್ರವಾದ ಆವರಣವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ವಿಧಿಸಿತ್ತು. ವಿದ್ಯುತ್ತಿನಿಂದ ನಡೆಯುವ ಸ್ಥಳವು ಕಾರ್ಖಾನೆಯೆನಿಸಲು ಆ ಕಾಯಿದೆಗೆ 10 ಜನ ಕೆಲಸಗಾರರು ಸಾಕಾಗಿತ್ತು. 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಹದಿನೈದು ಜನ ದುಡಿಯುವ ಗಿರಣಿಗೆ ಈಗ ಆ ಹೆಸರಿಲ್ಲ. ತಂತಿಬಲೆಗೆ ತಗಲುವ ವೆಚ್ಚ ಅಲ್ಪ. ಮಾಲಿಕರು ಕಾಯಿದೆಯ ಲೆಕ್ಕ ನೋಡದೆ ಅದನ್ನು ಹಾಕಿಸಬಹುದು.