ಬೀದಿಯ ಚಿತ್ರ ಓದೋಣ ಬನ್ನಿ



ಅಕ್ಷರ ಕಲಿತ ಮೇಲೆ ನಾವು ಮೊದಲು ಓದುವುದು ಪುಸ್ತಕ ಅಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಗೋಡೆಯ ಮೇಲಿನ ಬರಹ. ನಮ್ಮ ಹೊಸೂರು ಕಡೆ ಗೋಡೆಗಳ ಮೇಲೆ ತಮಿಳು, ಇಂಗ್ಲಿಷ್ ಹೆಚ್ಚು. ಕನ್ನಡ ಅಲ್ಲೊಂದು ಇಲ್ಲೊಂದು. ಆದರೆ ಗೋಡೆಯ ಮೇಲೆ ಒಂದು ಚಿತ್ರ ಇದ್ದರೆ ಎಲ್ಲರೂ ನಿಂತು ನೋಡ್ತಾರೆ. ಓದು ಬಂದವರೂ ನೋಡ್ತಾರೆ, ಬಾರದವರೂ ನೋಡ್ತಾರೆ. ಇವತ್ತಿನ ಪಾಠ ಅಂಥ ಬೀದಿ ಚಿತ್ರಗಳದು.

ಬೀದಿ ಚಿತ್ರ ಅಂದರೆ ಏನು?

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತೀರಿ. ಅದನ್ನು ನೋಡೋಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ದಾರಿಯಲ್ಲಿ ಹೋಗೋರೆಲ್ಲ ನೋಡಬಹುದು. ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋದರೂ ಬೇಸರ ಇಲ್ಲ. ಬೀದಿ ಚಿತ್ರವೂ ಹೀಗೇ. ಅದು ಗೋಡೆಯ ಮೇಲೆ ಇರಬಹುದು, ರಸ್ತೆಯ ಮೇಲೂ ಇರಬಹುದು.

ಸಿಮೆಂಟಿನ ಜಾಹೀರಾತೂ ಗೋಡೆ ಮೇಲೆ ಇರುತ್ತದೆ. ಅದು ನಮಗೆ ಸರಕು ಮಾರುವುದಕ್ಕೆ ಇರುವುದು. ಬೀದಿ ಚಿತ್ರ ಏನನ್ನೂ ಮಾರುವುದಿಲ್ಲ. ಅದು ಒಂದು ಮಾತು ಹೇಳುತ್ತದೆ, ಇಲ್ಲವೇ ಒಂದು ಪ್ರಶ್ನೆ ಕೇಳುತ್ತದೆ.

ಗುಂಡಿಯಲ್ಲಿ ಮೊಸಳೆ!

ಬೆಂಗಳೂರಿನಲ್ಲಿ ಸುಲ್ತಾನ್‌ಪಾಳ್ಯ ಅಂತ ಒಂದು ಜಾಗ ಇದೆ. 2015ರಲ್ಲಿ ಅಲ್ಲಿಯ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದಿತ್ತು. ಅದರಲ್ಲಿ ನೀರು ನಿಂತಿತ್ತು. ಜನ ದಿನಾ ಅದನ್ನು ಸುತ್ತಿಕೊಂಡು ಹೋಗುತ್ತಿದ್ದರು. ನೋಡಿ ನೋಡಿ ಅಭ್ಯಾಸ ಆಗಿತ್ತು.

ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಏನು ಮಾಡಿದರು ಗೊತ್ತೇ? ಆ ಗುಂಡಿಯನ್ನು ಕೊಳದ ಹಾಗೆ ಮಾಡಿದರು. ಅದರೊಳಗೆ ಒಂದು ಮೊಸಳೆಯನ್ನು ಇಟ್ಟರು! ನಿಜವಾದ ಮೊಸಳೆ ಅಲ್ಲ, ಅವರೇ ಮಾಡಿದ ಬೊಂಬೆ. ತೂಕ ಸುಮಾರು 20 ಕಿಲೋ. ಖರ್ಚು ಸುಮಾರು 6,000 ರೂಪಾಯಿ, ಅದೂ ಸ್ವಂತ ದುಡ್ಡು.

ಜನ ಗುಂಪು ಸೇರಿದರು. ಫೋಟೋ ತೆಗೆದರು. ಪತ್ರಿಕೆಗಳಲ್ಲಿ ಬಂತು, ಟಿ.ವಿ.ಯಲ್ಲಿ ಬಂತು. ಕೆಲವೇ ದಿನಗಳಲ್ಲಿ ರಸ್ತೆ ರಿಪೇರಿ ಆಯಿತು. ಮೊಸಳೆ ಹೋಯಿತು, ಗುಂಡಿಯೂ ಹೋಯಿತು.

2019ರಲ್ಲಿ ಇವರೇ ಇನ್ನೊಂದು ಕೆಲಸ ಮಾಡಿದರು. ಆಗ ಚಂದ್ರಯಾನ-2 ಚಂದ್ರನ ಹತ್ತಿರ ಹೋಗಿತ್ತು. ದೇಶವೆಲ್ಲ ಅದೇ ಮಾತು. ಬೆಂಗಳೂರಿನ ಒಂದು ಹಾಳಾದ ರಸ್ತೆಯಲ್ಲಿ, ರಾತ್ರಿ ಹೊತ್ತು, ಬಾಹ್ಯಾಕಾಶ ಯಾತ್ರಿಯ ಉಡುಪು ಹಾಕಿಸಿ ಒಬ್ಬ ನಟರನ್ನು ನಿಧಾನವಾಗಿ ನಡೆಸಿದರು. ವಿಡಿಯೋ ನೋಡಿದವರು ಇದು ಚಂದ್ರನೇ ಅಂದುಕೊಂಡರು. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹೋಯಿತು! ನಕ್ಕರು, ಆಮೇಲೆ ಯೋಚನೆ ಮಾಡಿದರು. ಆ ರಸ್ತೆಯ ಗುಂಡಿಗಳನ್ನೂ ಮುಚ್ಚಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಯಾರನ್ನೂ ಬೈಯಲಿಲ್ಲ. ದಿನಾ ಕಂಡು ಕಂಡು ಕಣ್ಣಿಗೆ ಬೀಳದೇ ಹೋಗಿದ್ದನ್ನು ಮತ್ತೆ ಕಣ್ಣಿಗೆ ಬೀಳುವ ಹಾಗೆ ಮಾಡಿದರು. ಬೀದಿ ಚಿತ್ರದ ಶಕ್ತಿ ಇದೇ.

ಗೋಡೆ ಯಾರದು?

ಚಿತ್ರ ಚೆನ್ನಾಗಿದೆ ಅಂತ ಸಿಕ್ಕ ಗೋಡೆಗೆಲ್ಲ ಬಣ್ಣ ಬಳಿಯುವ ಹಾಗಿಲ್ಲ. ಸಾರ್ವಜನಿಕ ಜಾಗಗಳನ್ನು ಅಂದಗೆಡಿಸಬಾರದು ಎಂದು ತಮಿಳುನಾಡಿನಲ್ಲಿ 1959ರ ಕಾನೂನು ಇದೆ. ಕರ್ನಾಟಕದಲ್ಲಿ 1981ರ ಕಾನೂನು ಇದೆ. ಅದಕ್ಕೇ ಮೊದಲು ಒಪ್ಪಿಗೆ ಪಡೆಯಬೇಕು. ಮನೆಯ ಗೋಡೆಯಾದರೆ ಮನೆಯವರನ್ನು ಕೇಳಿ. ಶಾಲೆಯ ಗೋಡೆಯಾದರೆ ಮುಖ್ಯೋಪಾಧ್ಯಾಯರನ್ನು ಕೇಳಿ. ನೀರಿನ ಟ್ಯಾಂಕ್ ಆದರೆ ಪಂಚಾಯಿತಿಯನ್ನು ಕೇಳಿ.

ಮಾಡಿ ನೋಡಿ

ನಿಮ್ಮ ಊರಿನಲ್ಲಿ ಎಲ್ಲರಿಗೂ ಸೇರಿದ ಒಂದು ತೊಂದರೆ ಯಾವುದು? ಮಾತಾಡಿಕೊಳ್ಳಿ. ಸುರಿಯುವ ನಲ್ಲಿ ಅಂತ ಇಟ್ಟುಕೊಳ್ಳೋಣ.

1. ಕಾಗದದ ಮೇಲೆ 6 ಅಂಗುಲ ಉದ್ದ, 4 ಅಂಗುಲ ಎತ್ತರದ ಚೌಕಟ್ಟು ಹಾಕಿ. ಒಳಗೆ ಚಿತ್ರ ಬರೆಯಿರಿ.

2. ಅದರ ಮೇಲೆ ಅಂಗುಲಕ್ಕೊಂದು ಗೆರೆ ಎಳೆಯಿರಿ. 24 ಮನೆಗಳು ಆಗುತ್ತವೆ.

3. ಗೋಡೆಯನ್ನು ಉಜ್ಜಿ ತೊಳೆದು ಸುಣ್ಣ ಹೊಡೆಯಿರಿ. ಒಣಗಿದ ಮೇಲೆ 6 ಅಡಿ ಉದ್ದ, 4 ಅಡಿ ಎತ್ತರದಲ್ಲಿ ಅಡಿಗೊಂದು ಗೆರೆ ಎಳೆಯಿರಿ. ಇಲ್ಲಿಯೂ 24 ಮನೆಗಳೇ.

4. ಕಾಗದದ ಒಂದೊಂದು ಮನೆಯಲ್ಲಿ ಇರುವುದನ್ನು ಗೋಡೆಯ ಅದೇ ಮನೆಯಲ್ಲಿ ಇದ್ದಿಲಿನಿಂದ ಬರೆಯಿರಿ. ಚುಕ್ಕಿ ಎಣಿಸಿ ರಂಗೋಲಿ ಬಿಡುವವರಿಗೆ ಇದು ಕಷ್ಟವೇ ಅಲ್ಲ. ಆಮೇಲೆ ಬಣ್ಣ ತುಂಬಿ.

5. ಚಿತ್ರದ ಕೆಳಗೆ ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ: ನೀರು ಹಿಡಿದ ಮೇಲೆ ನಲ್ಲಿ ನಿಲ್ಲಿಸಿ. ‘ಲ್ಲಿ’ಯ ಒತ್ತು ಗೆರೆಯ ಕೆಳಗೆ ಬರುತ್ತದೆ. ಅದಕ್ಕೆ ಮೊದಲೇ ಜಾಗ ಬಿಡಿ. ನೆರೆಯವರಿಗಾಗಿ ಅದೇ ಮಾತನ್ನು ತಮಿಳಿನಲ್ಲೂ ಬರೆಸಿ.

ನಲ್ಲಿಯೇ ಕೆಟ್ಟಿದ್ದರೆ ಚಿತ್ರ ಒಂದೇ ಸಾಲದು. ಪಂಚಾಯಿತಿಗೆ ಅರ್ಜಿಯನ್ನೂ ಬರೆಯಿರಿ. ಚಿತ್ರ ಊರಿನ ಕಣ್ಣು ತೆರೆಸುತ್ತದೆ, ಅರ್ಜಿ ದಾಖಲೆಯಾಗಿ ಉಳಿಯುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈಯಿಂದಲೇ ಈಗ ಕೆಳಗೆ ಸಹಿ ಮಾಡಿ.

ಹೊಸ ಪದಗಳು

ಕಲಾವಿದ – ಚಿತ್ರ, ಹಾಡು, ನಾಟಕ ಮುಂತಾದ ಕಲೆ ಬಲ್ಲವರು
ಒಪ್ಪಿಗೆ – ಅನುಮತಿ, ಆಗಲಿ ಎನ್ನುವುದು
ಸಾರ್ವಜನಿಕ – ಎಲ್ಲರಿಗೂ ಸೇರಿದ
ದಾಖಲೆ – ಬರೆದು ಇಟ್ಟ ಸಾಕ್ಷಿ

ಉತ್ತರ ಬರೆಯಿರಿ

1. ಜಾಹೀರಾತಿಗೂ ಬೀದಿ ಚಿತ್ರಕ್ಕೂ ಏನು ವ್ಯತ್ಯಾಸ?
2. ಗುಂಡಿಯಲ್ಲಿ ಮೊಸಳೆ ಇಟ್ಟಿದ್ದು ಯಾಕೆ?
3. ಕಾಗದದಲ್ಲಿ 3 ಅಂಗುಲ ಇರುವ ಕೊಡ ಗೋಡೆಯ ಮೇಲೆ ಎಷ್ಟು ಅಡಿ ಆಗುತ್ತದೆ?
4. ನಿಮ್ಮ ಬೀದಿಯಲ್ಲಿ ಚಿತ್ರ ಬರೆಯುವುದಾದರೆ ಯಾವ ಮಾತು ಹೇಳುತ್ತೀರಿ? ಎರಡು ಸಾಲು ಬರೆದು, ಕಲಿಕಾ ಕೇಂದ್ರದಲ್ಲಿ ಎಲ್ಲರ ಮುಂದೆ ಓದಿ.