ಪೀಟ್ ಯಾವುದು, ನಾರಿನ ಪುಡಿ ಯಾವುದು? ಕುಂಡದ ಮಣ್ಣು ಕಲಿಸಿದ ಪಾಠ



ಕಳೆದ ಮಳೆಗಾಲದಲ್ಲಿ ದೇವಾಲಯದ ಅಂಗಳಕ್ಕೆಂದು ನಾವು ಯುವಜನರು ಮೂವತ್ತು ಹೂಕುಂಡಗಳನ್ನು ಸಿದ್ಧಪಡಿಸಿದೆವು. ನರ್ಸರಿಯಿಂದ ಎರಡು ಬಗೆಯ ಪುಡಿ ತಂದಿದ್ದೆವು. ಒಂದರ ಮೇಲೆ 'ಪೀಟ್ ಮಾಸ್' ಎಂದಿತ್ತು, ಇನ್ನೊಂದರ ಮೇಲೆ 'ಕೊಕೊಪೀಟ್'. ಎರಡೂ ಕಂದು ಬಣ್ಣ, ಎರಡೂ ಹಗುರ. ಒಂದೇ ವಸ್ತುವಿಗೆ ಎರಡು ಹೆಸರು ಎಂದುಕೊಂಡೆವು. ಕೊಕೊಪೀಟ್ ಇಟ್ಟಿಗೆಗಳನ್ನು ನೆನೆಸಿ, ತೊಳೆಯದೆ ಹಾಗೆಯೇ ತುಂಬಿದೆವು. ಎರಡು ವಾರದಲ್ಲಿ ಆ ಕುಂಡಗಳ ಚೆಂಡುಹೂವಿನ ಸಸಿಗಳ ಎಲೆಯಂಚು ಸುಟ್ಟಂತಾಯಿತು. ಮೂರನೇ ವಾರಕ್ಕೆ ಅರ್ಧದಷ್ಟು ಸತ್ತೇ ಹೋದವು. ನಮ್ಮಲ್ಲಿ ಬಿ.ಎಸ್ಸಿ. ಓದಿದವರೂ ಇದ್ದೆವು ಎಂಬುದನ್ನು ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತೇವೆ. ಎಲ್ಲಿ ತಪ್ಪಿದೆವೆಂದು ಹುಡುಕುವಾಗ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಿಜವಾದ ಪೀಟ್

ನೀರು ಸದಾ ನಿಂತಿರುವ ಜೌಗಿನಲ್ಲಿ ಗಾಳಿ ಸಾಲದೆ ಸತ್ತ ಪಾಚಿ, ಹುಲ್ಲು ಪೂರ್ತಿ ಕೊಳೆಯುವುದಿಲ್ಲ. ಅವು ಪದರಪದರವಾಗಿ ಕೂಡಿ ಪೀಟ್ ಆಗುತ್ತದೆ. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಅಂದರೆ ಇಪ್ಪತ್ತು ಸೆಂಟಿಮೀಟರ್ ಆಳದ ಕುಂಡವನ್ನು ತುಂಬುವಷ್ಟು ದಪ್ಪದ ಪದರಕ್ಕೆ ಇನ್ನೂರು ವರ್ಷ ಬೇಕು. ನಾವು ಅದನ್ನು ಒಂದು ಹೂವಿನ ಕಾಲಕ್ಕೆ ಬಳಸಿ ಚೆಲ್ಲುತ್ತೇವೆ.

ಭೂಮಿಯ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ ಮೂರು ಪಾಲು ಮಾತ್ರ. ಆದರೂ ಜಗತ್ತಿನ ಎಲ್ಲ ಕಾಡುಗಳ ಮರಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ನೀರು ಬಸಿದು ಅಗೆದರೆ ಗಾಳಿ ಒಳನುಗ್ಗಿ ಕೊಳೆಯುವಿಕೆ ಶುರುವಾಗುತ್ತದೆ, ಆ ಇಂಗಾಲ ಹೊಗೆಯಿಲ್ಲದೆಯೇ ಆಕಾಶ ಸೇರುತ್ತದೆ. ಇಂಧನಕ್ಕಾಗಿ ತಲೆಮಾರುಗಳಿಂದ ಪೀಟ್ ಅಗೆಯುತ್ತಿದ್ದ ಐರ್ಲೆಂಡ್‌ನಲ್ಲೂ ಸರ್ಕಾರಿ ಸಂಸ್ಥೆ ಬೋರ್ಡ್ ನ ಮೋನ 2021ರಲ್ಲಿ ಅದನ್ನು ನಿಲ್ಲಿಸಿತು.

ಇದು ದೂರದ ದೇಶದ ಮಾತು ಮಾತ್ರವಲ್ಲ. ನಮ್ಮ ತೊಂಡಾಮುತ್ತೂರಿನ ಉತ್ತರಕ್ಕಿರುವ ನೀಲಗಿರಿಯ ಮೇಲೆ, ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಡುವಿನ ತಗ್ಗುಗಳಲ್ಲಿ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅದರ ಪದರಗಳನ್ನು ಪರೀಕ್ಷಿಸಿ, ಕಳೆದ 20,000 ವರ್ಷಗಳ ಹವಾಮಾನದ ಏರಿಳಿತವನ್ನು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಜೌಗುಗಳು ಮಳೆಯನ್ನು ಹೀರಿಟ್ಟುಕೊಂಡು ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ಕೊಯಮತ್ತೂರು ನಗರಕ್ಕೆ ಕುಡಿಯುವ ನೀರು ಕೊಡುವ ಪಿಲ್ಲೂರು ಅಣೆಕಟ್ಟಿಗೂ ನೀಲಗಿರಿಯ ನೀರು ಸೇರುತ್ತದೆ. ಪೀಟ್ ಇರಬೇಕಾದ ಜಾಗ ಬೆಟ್ಟ, ಕುಂಡವಲ್ಲ.

ನಮ್ಮೂರಿನ ನಾರಿನ ಪುಡಿ

ಕೊಕೊಪೀಟ್ ಪೀಟೇ ಅಲ್ಲ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಇಲ್ಲಿನ ತಮಿಳಿನಲ್ಲಿ ಅದು 'ತೆನ್ನೈ ನಾರ್ ಕಳಿವು', ಅಂದರೆ ನಾರಿನ ಕಸ. ಒಂದು ಕಾಲದಲ್ಲಿ ಗುಡ್ಡೆಗುಡ್ಡೆಯಾಗಿ ರಸ್ತೆಬದಿಯಲ್ಲಿ ಬಿದ್ದಿರುತ್ತಿದ್ದ ಕಸವೇ ಇಂದು ಪೊಳ್ಳಾಚಿಯಿಂದ ಹಡಗೇರಿ ಹೊರದೇಶಗಳ ತೋಟ ಸೇರುತ್ತಿದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವುದರಿಂದ ಪೀಟ್‌ಗೆ ಒಳ್ಳೆಯ ಬದಲಿ.

ಆದರೆ ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಲವಣಗಳಿವೆ. ನಮ್ಮ ಸಸಿಗಳನ್ನು ಸುಟ್ಟದ್ದು ಇವೇ. ಹೊರದೇಶಕ್ಕೆ ಕಳುಹಿಸುವ ಮುನ್ನ ಪುಡಿಯನ್ನು ಮತ್ತೆ ಮತ್ತೆ ತೊಳೆದು ಉಪ್ಪು ತೆಗೆಯುತ್ತಾರೆ. ಆ ಕಂದು ಉಪ್ಪುನೀರನ್ನು ಶುದ್ಧಗೊಳಿಸದೆ ನೆಲಕ್ಕೆ ಬಿಟ್ಟರೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳು ಕೆಡುತ್ತವೆ. ಇದೇ ಕಳವಳದಿಂದ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ನಾರಿನ ಘಟಕಗಳನ್ನು 'ಬಿಳಿ' ವರ್ಗದಿಂದ ಹೆಚ್ಚು ನಿಯಮಗಳಿರುವ 'ಕಿತ್ತಳೆ' ವರ್ಗಕ್ಕೆ ಸೇರಿಸಿತು. ಸಣ್ಣ ಘಟಕಗಳವರು ಆಕ್ಷೇಪಿಸಿದರು. ಅವರಿಗೂ ಹೊಟ್ಟೆಪಾಡಿದೆ, ಬಾವಿಯ ನೀರು ಕುಡಿಯುವವರಿಗೂ ಬದುಕಿದೆ. ಆದ್ದರಿಂದ 'ಪೀಟ್ ಬೇಡ, ಕೊಕೊಪೀಟ್ ಸಾಕು' ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ತೊಳೆದ ನೀರು ಎಲ್ಲಿಗೆ ಹೋಯಿತು ಎಂದೂ ಕೇಳಬೇಕು.

ಮನೆಯಲ್ಲಿ ಮಾಡುವುದು ಹೇಗೆ?

1. 'ಪೀಟ್ ಮಾಸ್' ಎಂದಿರುವ ಚೀಲ ಕೊಳ್ಳಬೇಡಿ. ನಮ್ಮ ಹೂ, ತರಕಾರಿಗೆ ಅದರ ಅಗತ್ಯವೇ ಇಲ್ಲ.

2. ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಆ ನೀರನ್ನು ಬಾವಿಯ ಹತ್ತಿರ ಚೆಲ್ಲದೆ ತೆಂಗಿನ ಬುಡಕ್ಕೆ ಹಾಕಿ. ಪೊಟ್ಯಾಸಿಯಂ, ಕ್ಲೋರೈಡ್ ಎರಡೂ ತೆಂಗಿಗೆ ಬೇಕು. ಮರದಿಂದ ಬಂದ ಉಪ್ಪು ಮರಕ್ಕೇ ಹೋಗಲಿ.

3. ಹಸಿ ಪುಡಿಯನ್ನೇ ಹೆಚ್ಚು ಬಳಸಬೇಡಿ. ಅದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ (ಸುಮಾರು 112ಕ್ಕೆ 1). ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಸಾರಜನಕವನ್ನೇ ಕಸಿಯುತ್ತವೆ, ಎಲೆ ಹಳದಿಯಾಗುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಧಾನದಲ್ಲಿ ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ, 5 ಬಾಟಲಿ ಸಿಂಪಿ ಅಣಬೆಯ ಬೀಜ ಬೇಕು. ಪುಡಿಯನ್ನು ಪದರವಾಗಿ ಹರಡಿ, ಒಂದು ಪದರದ ಮೇಲೆ ಅಣಬೆ ಬೀಜ, ಮುಂದಿನದರ ಮೇಲೆ ಯೂರಿಯಾ ಹಾಕುತ್ತಾ ನೆರಳಲ್ಲಿ ತೇವವಾಗಿಡಬೇಕು. ಒಂದೆರಡು ತಿಂಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ.

4. ಕುಂಡಕ್ಕೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ತೊಳೆದ ಅಥವಾ ಕೊಳೆತ ನಾರಿನ ಪುಡಿ, ಒಂದು ಪಾಲು ಸಗಣಿ ಗೊಬ್ಬರ ಅಥವಾ ಎಲೆಗೊಬ್ಬರ ಸಾಕು. ಅಂಗಳದ ಬೇವಿನೆಲೆ, ಹೊಂಗೆಯೆಲೆಯನ್ನು ಸುಡಬೇಡಿ, ಗುಂಡಿಗೆ ಹಾಕಿ.

ಕುಟುಂಬದಲ್ಲಿ ಮಾತನಾಡಿಕೊಳ್ಳೋಣ

- ನಮ್ಮ ಮನೆಯ ಕುಂಡದಲ್ಲಿರುವುದು ಎಲ್ಲಿಂದ ಬಂತು?
- ನಮ್ಮ ಬೀದಿಯ ಬಾವಿ ಅಥವಾ ಬೋರ್‌ವೆಲ್ ನೀರಿನ ರುಚಿ ಹತ್ತು ವರ್ಷದ ಹಿಂದೆ ಹೇಗಿತ್ತು? ಹಿರಿಯರನ್ನು ಕೇಳಿ.
- ನಮ್ಮ ಅಂಗಳದ ಯಾವ ಕಸ ಗೊಬ್ಬರವಾಗಬಲ್ಲದು?

ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ತೋಟವನ್ನು ವಹಿಸಿದ್ದು ಬೇಸಾಯಕ್ಕೆ ಮಾತ್ರವಲ್ಲ, ಕಾಯುವುದಕ್ಕೂ. ಸತ್ತ ಸಸಿಗಳ ಜಾಗದಲ್ಲಿ ಮತ್ತೆ ಚೆಂಡುಹೂ ನೆಟ್ಟಿದ್ದೇವೆ, ಈ ಸಲ ತೊಳೆದ ಪುಡಿಯಲ್ಲಿ. ಭಾನುವಾರ ಪೂಜೆ ಮುಗಿದ ಮೇಲೆ ಬಂದು ನೋಡಿ. ಮನೆಯ ಒಣ ಎಲೆಗಳಿದ್ದರೆ ಒಂದು ಚೀಲದಲ್ಲಿ ತನ್ನಿ, ದೇವಾಲಯದ ಹಿಂದೆ ಗುಂಡಿ ತೋಡಿದ್ದೇವೆ.