ತಿಪ್ಪೆಬಾಗಿಲು ಕೆಟ್ಟರೆ ಕಾವಲುಗಾರರ ಗತಿಯೇನು?

2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ರೋಗದಿಂದ ನಮ್ಮ ದೇಶದಲ್ಲಿ ಮೊದಲನೆಯವರಾಗಿ ಮರಣಹೊಂದಿದರೆಂದು ಗೊತ್ತಾದವರು ಕಲಬುರಗಿ ನಗರದ ಒಬ್ಬ ವೃದ್ಧರು. ಆ ಸುದ್ದಿಯು ಹಬ್ಬಿದಾಗ ಮೋಮಿನಪುರದ ಓಣಿಗಳು ಮೊದಲ್ಗೊಂಡು ಕಮಲಾಪುರದ ಕಡೆಯ ಹಳ್ಳಿಗಳ ವರೆಗೂ ಜನರ ಹೃದಯವು ಕರಗಿಹೋದದ್ದನ್ನು ವಾಚಕರು ಮರೆತಿರಲಾರರು. ಅನಂತರದ ತಿಂಗಳುಗಳಲ್ಲಿ ಅನೇಕ ದೇಶಗಳ ವೈದ್ಯರು ಒಂದು ಸಂಗತಿಯನ್ನು ಕಂಡರು. ಮೂತ್ರಪಿಂಡಗಳು ಬಹುಕಾಲದಿಂದ ಕೆಟ್ಟಿರುವವರಲ್ಲಿ, ವಿಶೇಷವಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ, ಆ ರೋಗವು ಇತರರಲ್ಲಿ ಕೊಂದದ್ದಕ್ಕಿಂತ ಹೆಚ್ಚು ಮಂದಿಯನ್ನು ಕೊಂದಿತು. ರೋಗವು ಹಿಡಿದದ್ದು ಶ್ವಾಸಕೋಶವನ್ನು; ಮೂತ್ರಪಿಂಡ ಕೆಟ್ಟವನು ಅದರಿಂದ ಯಾಕೆ ಹೆಚ್ಚಾಗಿ ಸಾಯಬೇಕು? ಈ ಪ್ರಶ್ನೆಯನ್ನೇ ಈ ತಿಂಗಳ ಪಾಠಕ್ಕೆ ತೆಗೆದುಕೊಂಡಿದ್ದೇವೆ.

ನೆಹೆಮೀಯನ ಗ್ರಂಥದ 3ನೆಯ ಅಧ್ಯಾಯವನ್ನು ಓದುವವರು ಕುರಿಬಾಗಿಲು, ಮೀನುಬಾಗಿಲು ಇವುಗಳ ಸಂಗಡ ಯೆರೂಸಲೇಮಿನ ತಿಪ್ಪೆಬಾಗಿಲೂ ಜೀರ್ಣೋದ್ಧಾರವಾದದ್ದನ್ನು ಕಾಣುವರು. ಪ್ರಸಂಗಗಳಲ್ಲಿ ಅದರ ಹೆಸರೆತ್ತುವವರು ವಿರಳ. ಆದರೆ ಅದನ್ನು ಮುಚ್ಚಿಬಿಟ್ಟು ಪಟ್ಟಣದೊಳಗೆ ಒಂದು ವಾರ ವಾಸಮಾಡಿ ನೋಡಲಿ! ದೇವರು ನಮ್ಮ ದೇಹದಲ್ಲಿಯೂ ಅಂಥ ಬಾಗಿಲನ್ನು ಇಟ್ಟಿದ್ದಾನೆ. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಮುಷ್ಟಿಯಷ್ಟು ಗಾತ್ರದ ಎರಡು ಮೂತ್ರಪಿಂಡಗಳುಂಟು. ಒಂದೊಂದರಲ್ಲಿ ಸುಮಾರು 10 ಲಕ್ಷ ಸೂಕ್ಷ್ಮವಾದ ಸೋಸುಕಗಳಿವೆ. ಅವು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರು ನೀರನ್ನು ಸೋಸಿ, ಬೇಕಾದದ್ದನ್ನೆಲ್ಲಾ ರಕ್ತಕ್ಕೆ ಹಿಂದಿರುಗಿಸಿ, ಒಂದೆರಡು ಲೀಟರಿನಷ್ಟನ್ನು ಮಾತ್ರ ಕಲ್ಮಷದೊಡನೆ ಮೂತ್ರವಾಗಿ ಹೊರಗೆ ಕಳುಹಿಸುವವು. ಸಕ್ಕರೆ ಕಾಯಿಲೆಯೂ ರಕ್ತದ ಒತ್ತಡವೂ ಈ ಸೋಸುಕಗಳನ್ನು ವರ್ಷಾನುಗಟ್ಟಲೆ ಸದ್ದಿಲ್ಲದೆ ತಿನ್ನುವವು. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದ ಮೇಲೆಯೂ ರೋಗಿಗೆ ಏನೂ ತೋರದೆ ಇರಬಹುದು.

ಇನ್ನು ಕಾವಲುಗಾರರ ಮಾತು. ರಕ್ತದಲ್ಲಿರುವ ಬಿಳಿಕಣಗಳೇ ದೇಹದ ಕಾವಲುಗಾರರು. ಕೆಲವು ಹೊಕ್ಕ ರೋಗಾಣುವನ್ನು ಹಿಡಿದು ನುಂಗುವವು. ಕೆಲವು ಶತ್ರುವಿನ ಗುರುತನ್ನು ನೆನಪಿಟ್ಟು, ಅವನು ಮತ್ತೊಮ್ಮೆ ಬಂದಾಗ ಎದುರಿಸುವವು. ಕೆಲವು ಪ್ರತಿವಿಷವನ್ನು ಉಂಟುಮಾಡುವವು. ಹೊರಗೆ ಹೋಗಬೇಕಾದ ಕಲ್ಮಷವು ರಕ್ತದಲ್ಲಿಯೇ ನಿಂತರೆ ಇವೆಲ್ಲವೂ ಅದರಲ್ಲಿ ಮುಳುಗಿಕೊಂಡಿರುವವು. ಆಗ ನುಂಗುವ ಕಣಗಳು ಸರಿಯಾಗಿ ನುಂಗಲಾರವು. ನೆನಪಿಡುವ ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಪ್ರಾಯಕ್ಕೆ ಮುಂಚೆಯೇ ಮುದಿಯಾಗುವವು. ಕೆಲವು ವಿಧದ ರೋಗದಲ್ಲಿ ಪ್ರತಿವಿಷವೇ ಮೂತ್ರದ ದಾರಿಯಾಗಿ ಸೋರಿಹೋಗುವದು. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವು ಬಲಗೊಳ್ಳುವದು ಮೂತ್ರಪಿಂಡದಲ್ಲಿಯೇ. ಅದು ಕೊರತೆಯಾದರೆ ಕ್ಷಯರೋಗಾಣುವಿನ ಮೇಲೆ ಹೋರಾಡುವ ಶಕ್ತಿಯೂ ಕುಗ್ಗುವದು.

ಆಶ್ಚರ್ಯವೇನಂದರೆ, ಇದೇ ಕಾವಲುಗಾರರು ಶತ್ರುವಿಲ್ಲದಾಗ ಸುಮ್ಮನಿರುವದಿಲ್ಲ. ಕಲ್ಮಷದಿಂದ ಕೆರಳಿ ಹಗಲಿರುಳು ಕೂಗಾಡುವವು. ಕರುಳಿನ ಗೋಡೆಯು ಸಡಿಲವಾಗಿ ಅಲ್ಲಿಯ ಅಣುಗಳ ಅಂಶಗಳು ರಕ್ತಕ್ಕೆ ನುಸುಳುವದರಿಂದ ಆ ಕೂಗು ಇನ್ನೂ ಹೆಚ್ಚುವದು. ಹೀಗೆ ಒಳಗೆ ಸಣ್ಣದಾದ ಉರಿಯು ಸದಾ ಇದ್ದು ರಕ್ತನಾಳಗಳನ್ನೂ ಹೃದಯವನ್ನೂ ಕೆಡಿಸುವದು. ರಾತ್ರಿಯೆಲ್ಲಾ ಗಾಳಿಗೆ ಬೊಗಳಿ ದಣಿದ ನಾಯಿಯು ಕಳ್ಳನು ಬಂದಾಗ ಮಲಗಿರುವದಿಲ್ಲವೇ? ಡಯಾಲಿಸಿಸಿನವರಲ್ಲಿ ಮರಣದ ಕಾರಣಗಳೊಳಗೆ ಹೃದ್ರೋಗವು ಮೊದಲನೆಯದು, ಸೋಂಕುರೋಗವು ಅದರ ಹಿಂದೆಯೇ ಬರುವದು.

ಆದಕಾರಣ ಮನೆಯವರು ಒಂದು ವಿಷಯದಲ್ಲಿ ಬಹು ಎಚ್ಚರವಾಗಿರಬೇಕು. ಇಂಥ ರೋಗಸ್ಥನಿಗೆ ಸೋಂಕು ತಗಲಿದರೂ ಮೈ ಕಾಯದೆ ಇರಬಹುದು. ಮೈ ಬಿಸಿಯಿಲ್ಲವಲ್ಲಾ ಎಂದು ನೆಮ್ಮದಿಯಿಂದ ಕುಳಿತುಕೊಳ್ಳಬಾರದು. ಚಳಿ ನಡುಕ, ಮಂಕು, ಊಟ ಸೇರದಿರುವದು, ಡಯಾಲಿಸಿಸಿಗಾಗಿ ಕುತ್ತಿಗೆಯಲ್ಲಿ ಇಟ್ಟ ನಳಿಗೆಯ ಸುತ್ತ ಕೆಂಪು ಅಥವಾ ಕೀವು, ಇವುಗಳಲ್ಲಿ ಯಾವದೊಂದು ಕಂಡರೂ ಅದೇ ದಿನ ದವಾಖಾನೆಗೆ ಹೋಗಬೇಕು. ಆ ನಳಿಗೆಗಿಂತ ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡುವ ದಾರಿಯಲ್ಲಿ ಸೋಂಕಿನ ಭಯವು ಕಡಿಮೆ. ಡಾಕ್ಟರರು ಅದನ್ನು ಹೇಳಿದರೆ ಮುಂದಕ್ಕೆ ಹಾಕಬಾರದು. ಹೆಚ್ಚು ದಿವಸದ ಕೆಮ್ಮಾಗಲಿ ಕುತ್ತಿಗೆಯ ಗಂಟಾಗಲಿ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಇಂಥವರಲ್ಲಿ ಕ್ಷಯವು ಶ್ವಾಸಕೋಶದ ಹೊರಗೂ ಅಡಗಿಕೊಳ್ಳುವದು. ಹೆಪಟೈಟಿಸ್ ಬಿ, ನ್ಯುಮೋನಿಯ, ಫ್ಲೂ ಇವುಗಳ ಲಸಿಕೆಗಳು ಅವಶ್ಯವಾದವು. ಮರೆಯುವ ಕಾವಲುಗಾರನಿಗೆ ಪಾಠವನ್ನು ಹೆಚ್ಚಾಗಿ ಹೇಳಬೇಕಲ್ಲವೇ? ಆದದರಿಂದ ಡಯಾಲಿಸಿಸಿನವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಇತರರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಡುವರು. ರೋಗವು ಬಹಳ ಮುಂದುವರಿಯುವ ಮೊದಲೇ ಹಾಕಿಸಿದರೆ ಫಲವು ಹೆಚ್ಚು.

ತೊಗರಿಯ ಹೊಲದಲ್ಲಿ ಬಗ್ಗಿ ದುಡಿದು ಸೊಂಟ ನೋಯುವವರು ಅಂಗಡಿಯಿಂದ ನೋವಿನ ಗುಳಿಗೆಗಳನ್ನು ದಿನಾಲು ತಂದು ನುಂಗುವ ಪದ್ಧತಿಯನ್ನು ನಾವು ಬಲವಾಗಿ ಖಂಡಿಸುತ್ತೇವೆ. ಅವುಗಳಲ್ಲಿ ಅನೇಕವು ಮೂತ್ರಪಿಂಡವನ್ನು ಕೊಲ್ಲುವವು. ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡವಿರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಷ್ಟಿದೆ ಎಂದು ನೋಡಿಸಲಿ. ಬಡವರಿಗೆ ಜಿಲ್ಲಾ ದವಾಖಾನೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ಮಾಡುವ ಯೋಜನೆಯನ್ನು ಸರಕಾರವು 2016ರಲ್ಲಿ ಸಾರಿತು. ಹೊಲ ಮಾರುವ ಮೊದಲು ಅಲ್ಲಿ ವಿಚಾರಿಸಬೇಕು.

ಸಭೆಯವರಿಗೆ ಒಂದೆರಡು ಮಾತು. ರೋಗಸ್ಥನ ಪಾಪದಿಂದ ಇದು ಬಂತೆಂದು ಪಿಸುಗುಟ್ಟುವವರು ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ ಪ್ರಶ್ನೆಯನ್ನೂ ಕರ್ತನು ಕೊಟ್ಟ ಉತ್ತರವನ್ನೂ ಯೋಹಾನನ 9ನೆಯ ಅಧ್ಯಾಯದಲ್ಲಿ ಓದಿಕೊಳ್ಳಲಿ. ಅದಕ್ಕಿಂತ ನಮ್ಮನ್ನು ಬಾಧಿಸುವ ಸಂಗತಿ ಬೇರೆ ಇದೆ. ನಮ್ಮ ಹಳ್ಳಿಗಳಲ್ಲಿ ಒಬ್ಬನು ಹಾಸಿಗೆ ಹಿಡಿದನೆಂದರೆ ಇಪ್ಪತ್ತು ಮಂದಿ ಒಂದೇ ಕೋಣೆಯಲ್ಲಿ ತುಂಬಿಕೊಂಡು, ಮಕ್ಕಳನ್ನೂ ಕರಕೊಂಡು, ಗಟ್ಟಿಯಾಗಿ ಹಾಡಿ ಪ್ರಾರ್ಥಿಸುವರು. ಪ್ರೀತಿಯಿಂದಲೇ ಮಾಡುವರು. ನಾವೂ ಹಿಂದೆ ನೆಗಡಿ ಕೆಮ್ಮು ಇದ್ದಾಗಲೇ ಅಂಥ ಹಾಸಿಗೆಯ ಬಳಿಯಲ್ಲಿ ಕುಳಿತದ್ದುಂಟು; ಈಗ ನೆನಸಿಕೊಂಡರೆ ನಾಚಿಕೆಯಾಗುತ್ತದೆ. ನಮಗೆ ಮೂರು ದಿನದ ನೆಗಡಿಯಾದದ್ದು ಅವನಿಗೆ ಪ್ರಾಣದ ಮಾತಾಗಬಹುದು. ಕೆಮ್ಮುವವರು ಅಂಗಳದಲ್ಲಿ ನಿಂತು ಪ್ರಾರ್ಥಿಸಿದರೆ ದೇವರಿಗೆ ಕೇಳಿಸದೆ ಹೋಗುವದಿಲ್ಲ. ಒಳಗೆ ಹೋಗುವವರು ಒಬ್ಬಿಬ್ಬರೇ ಇರಲಿ, ಸಾಬೂನಿನಿಂದ ಕೈ ತೊಳೆಯಲಿ. ಡಯಾಲಿಸಿಸಿನ ದಿನ ಅವನನ್ನು ನಗರಕ್ಕೆ ಕರೆದೊಯ್ಯುವ ಕೆಲಸವನ್ನು ಸಭೆಯ ಯೌವನಸ್ಥರು ಸರದಿಯಾಗಿ ಹಂಚಿಕೊಳ್ಳಬಹುದು. ಕರ್ತನ ಭೋಜನದ ಭಾನುವಾರದಲ್ಲಿ ಪಾಸ್ಟರರು ಅವನಿಗೆ ಪ್ರತ್ಯೇಕವಾದ ಲೋಟದಲ್ಲಿ, ಜನರು ಹೋದ ನಂತರ, ಅವನ ಮನೆಯಲ್ಲಿಯೇ ಕೊಟ್ಟು ಬರಲಿ.